ದುರ್ಗಯ್ಯನ ಅಂಗಾಲು

ಕೆಳಗೆ ಇಳಿದಷ್ಟೂ ಭೂಮಿ ಬಿಸಿಯಾಗುತ್ತ ಹೋಗುತ್ತದೆ ಎಂಬ ಪಾಠವನ್ನು ನಾನು ಹದಿನಾಲ್ಕು ವರ್ಷದಿಂದ ಮಾಡುತ್ತ ಬಂದಿದ್ದೇನೆ. ಪುಸ್ತಕದಲ್ಲಿ ಓದಿದ್ದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಅಷ್ಟೆ. ಆದರೆ ಮೇಲೆ ನಿಂತುಕೊಂಡೇ ಒಳಗಿನ ಬಿಸಿ ಎಷ್ಟೆಂದು ಅಂಗಾಲಿನಿಂದ ಹೇಳಬಲ್ಲ ಒಬ್ಬರು ನಮ್ಮ ಕಡೆ ಇದ್ದರು. ಹೆಸರು ದುರ್ಗಯ್ಯ. ಈಗಲೂ ಇದ್ದಾರೆ, ಆದರೆ ಆ ಅಂಗಾಲು ಇಲ್ಲ. ಅದನ್ನು ಹಾಳು ಮಾಡಿದವನು ನಾನು, ಬಸವಕುಮಾರ್, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಎರಡು ವರ್ಷದ ಮೇಲಾಯಿತು, ಈ ಮಾತನ್ನು ಯಾರ ಹತ್ತಿರವೂ ಆಡಿಲ್ಲ.

ದಬ್ಬೇಘಟ್ಟದಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ತೋಟಗಳ ನಡುವೆ ಒಂದು ನಾರಿನ ಫ್ಯಾಕ್ಟರಿ ಇದೆ. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಅಲ್ಲಿಯ ಮೆಷಿನ್ನಿಗೆ ಕೊಟ್ಟರೆ ನಾರು ಒಂದು ಕಡೆ ಬೀಳುತ್ತದೆ, ಪುಡಿ ಇನ್ನೊಂದು ಕಡೆ. ನಾರು ಲಾರಿ ಹತ್ತಿ ಹೋಗುತ್ತದೆ. ಪುಡಿ ಅಷ್ಟು ಬೇಗ ಖರ್ಚಾಗುವುದಿಲ್ಲ, ಹಿತ್ತಲಲ್ಲೇ ಗುಡ್ಡೆಯಾಗುತ್ತದೆ. ಈ ಫ್ಯಾಕ್ಟರಿಯ ಗುಡ್ಡೆ ಇಪ್ಪತ್ತು ವರ್ಷದ್ದು, ಎರಡಂತಸ್ತಿನ ಮನೆಯಷ್ಟು ಎತ್ತರ. ಬೇಸಿಗೆಯಲ್ಲಿ ಯಾವನೋ ಸೇದಿ ಬಿಸಾಡಿದ ಬೀಡಿ ಸಾಕು, ಅದಕ್ಕೆ ಬೆಂಕಿ ಹಿಡಿಯುತ್ತದೆ. ಉರಿ ಮಾತ್ರ ಕಾಣುವುದಿಲ್ಲ. ಒಳಗೊಳಗೇ ತಿಂಗಳುಗಟ್ಟಲೆ ಸುಡುತ್ತ ಟೊಳ್ಳು ಮಾಡಿಕೊಂಡು ಹೋಗುತ್ತದೆ, ಮೇಲೆ ಕಂದು ಬಣ್ಣದ ತಣ್ಣನೆಯ ಪುಡಿ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ.

ಆ ಗುಡ್ಡೆಯನ್ನು ನೋಡಿಕೊಳ್ಳುವುದೇ ದುರ್ಗಯ್ಯನವರ ಕೆಲಸ. ಪುಡಿ ತುಂಬಲು ಟ್ರ್ಯಾಕ್ಟರ್ ಬಂದರೆ ಎಲ್ಲಿ ನಿಲ್ಲಿಸಬೇಕು, ಜೆಸಿಬಿ ಯಾವ ಕಡೆಯಿಂದ ಬಾಯಿ ಹಾಕಬೇಕು, ಎಲ್ಲಿಗೆ ನೀರು ಬಿಡಬೇಕು ಎಂಬುದನ್ನೆಲ್ಲ ಅವರೇ ಹೇಳಬೇಕು. ಅವರು ಹೇಳದೆ ಜೆಸಿಬಿಯವನು ಕೀಲಿ ತಿರುಗಿಸುತ್ತಿರಲಿಲ್ಲ. ‘ಗುಡ್ಡೆ ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಆ ಹೆಸರು ಅವರಿಗೆ ಇಷ್ಟವಾಗಿತ್ತು. ಕರೆದಾಗಲೆಲ್ಲ ಮೀಸೆಯ ಕೆಳಗೆ ಸಣ್ಣಗೆ ನಗುತ್ತಿದ್ದರು.

ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ನಾನೊಮ್ಮೆ ಕೇಳಿದ್ದೆ.

“ಮೊದ್ಲು ಒಂದು ಹಸ ಹೋಯ್ತು ಸಾ,” ಅಂದರು. “ತಿಪ್ಪಯ್ಯನ ಹಸ. ಮೇಯ್ತಾ ಮೇಯ್ತಾ ಗುಡ್ಡೆ ಹತ್ಬುಡ್ತು. ಕಣ್ಮುಂದೇನೇ ಹೊಟ್ಟೆ ಗಂಟ ಇಳ್ದೋಯ್ತು. ಎಳೆಯೋಕಾಗ್ಲಿಲ್ಲ. ಅದ್ರ ಕೂಗು ಇನ್ನೂ ಕಿವೀಲೈತೆ. ಅವತ್ತಿಂದ ನಾನು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಗುಡ್ಡೆ ಸುತ್ತೋಕೆ ಸುರು ಮಾಡ್ದೆ.”

ಬರಿಗಾಲು ಎಂಬುದನ್ನು ಗಮನಿಸಿ. ಗೇಟಿನ ಬಳಿ ಬೇವಿನ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ಬಿಸಿಲೇರುವ ಮುಂಚೆ ಅವರು ಗುಡ್ಡೆಯ ಅಂಚಿಗೆ ಹೋಗುತ್ತಿದ್ದರು. ಇಬ್ಬನಿ ಎಲ್ಲಿ ಬೇಗ ಆರಿದೆ ಎಂದು ಮೊದಲು ಕಣ್ಣಲ್ಲಿ ನೋಡುವುದು. ಆಮೇಲೆ ಒಂದೊಂದೇ ಹೆಜ್ಜೆ. ಪೂರ್ತಿ ಭಾರ ಬಿಡುವ ಮೊದಲು ಅಂಗಾಲನ್ನು ಸುಮ್ಮನೆ ಪುಡಿಗೆ ತಾಗಿಸಿ ನಿಲ್ಲುವುದು. ತಣ್ಣಗಿದ್ದರೆ ಮುಂದೆ. ಬೆಚ್ಚಗಿದ್ದರೆ ಹಿಂದೆ. ಅಲ್ಲಿಗೆ ಒಂದು ಕೋಲು ನೆಟ್ಟು ಬರುವುದು. ಅಷ್ಟೂ ವರ್ಷದಲ್ಲಿ ಒಂದು ಸಲವೂ ಅವರ ಕಾಲು ತಪ್ಪಿರಲಿಲ್ಲ, ಅವರು ಕೋಲು ನೆಟ್ಟ ಮೇಲೆ ಬೇರೆಯವರದೂ ತಪ್ಪಿರಲಿಲ್ಲ.

ಅವರ ಮಗಳ ಮಗಳು ಶಿಲ್ಪ ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಳು. ಚೂಟಿ ಹುಡುಗಿ. ಎಂಟನೆಯವರಿಗೆ ನಾನು ಭೂಮಿಯ ಒಳರಚನೆ ಪಾಠ ಮಾಡುವಾಗ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡವಳು ಅವಳೇ. “ಸಾರ್, ನಮ್ ತಾತನ ಗುಡ್ಡೇನೂ ಹಂಗೇ. ಮೇಲೆ ತಣ್ಣಗೆ, ಒಳಗೆ ಕೆಂಡ,” ಅಂದಳು. ನನಗೆ ಅದು ಹಿಡಿಸಿತು. ಒಂದು ಶನಿವಾರ ಎಂಟನೆಯವರನ್ನೂ ಹತ್ತನೆಯವರನ್ನೂ ಸಾಲಾಗಿ ನಡೆಸಿಕೊಂಡು ಫ್ಯಾಕ್ಟರಿಗೆ ಹೋದೆ. ಮಾಲೀಕರು ಸೂರ್ಯಪ್ರಕಾಶ್ ಒಳ್ಳೆಯವರು, ಮಕ್ಕಳಿಗೆಲ್ಲ ಎಳನೀರು ಕೊಡಿಸಿದರು.

ದುರ್ಗಯ್ಯ ಅವತ್ತು ಮಾಡಿದ ಪಾಠ ನಾನು ಜನ್ಮದಲ್ಲಿ ಮಾಡಿಲ್ಲ. ಗುಡ್ಡೆಯ ಅಂಚಿನಲ್ಲೇ ನಿಂತು, ಆರಡಿಯ ಕಬ್ಬಿಣದ ಸರಳನ್ನು ನಿಧಾನವಾಗಿ ಒಳಗೆ ತಳ್ಳಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದು, ಮಕ್ಕಳಿಗೆ ಕೈಯ ಹಿಂಭಾಗವನ್ನು ಹತ್ತಿರ ಹಿಡಿಯಲು ಹೇಳಿದರು. ಮೇಲಿನ ಒಂದಡಿ ತಣ್ಣಗಿತ್ತು. ಎರಡಡಿಗೆ ಬೆಚ್ಚಗೆ. ತುದಿಯಲ್ಲಿ ಹನಿ ನೀರು ಬಿಟ್ಟರೆ ಚುಯ್ ಅಂದಿತು. ಮಕ್ಕಳು ಹೋ ಎಂದರು. ಆಮೇಲೆ ಗುಡ್ಡೆಯ ಇನ್ನೊಂದು ಕಡೆ, ಜೆಸಿಬಿ ಬುಡದವರೆಗೆ ಕತ್ತರಿಸಿದ್ದ ಜಾಗ ತೋರಿಸಿದರು. ತಳದ ಪುಡಿ ಮೇಲಿನ ಭಾರಕ್ಕೆ ಒತ್ತಿಕೊಂಡು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಉದುರುತ್ತಿರಲಿಲ್ಲ.

ನಾನು ನನ್ನ ಪಾಲಿನದನ್ನು ಸೇರಿಸಿದೆ. ಗುಡ್ಡೆ ಬೇರೆ, ಭೂಮಿ ಬೇರೆ, ಇಲ್ಲಿ ಪುಡಿ ಸುಡುತ್ತಿದೆ, ಅಲ್ಲಿ ಹಾಗೆ ಏನೂ ಸುಡುತ್ತಿಲ್ಲ ಎಂದು ಮೊದಲೇ ಹೇಳಿದೆ. ಭೂಮಿ ಹುಟ್ಟಿದಾಗಿನ ಬಿಸಿ ಇನ್ನೂ ಪೂರ್ತಿ ಆರಿಲ್ಲ, ಬಂಡೆಗಳೊಳಗಿನ ಕೆಲವು ಧಾತುಗಳು ಒಡೆಯುತ್ತ ಇನ್ನಷ್ಟು ಬಿಸಿ ಕೊಡುತ್ತಿವೆ. ಮೇಲಿನ ಪದರದಲ್ಲಿ ಒಂದು ಕಿಲೋಮೀಟರ್ ಇಳಿದರೆ ಸುಮಾರಾಗಿ ಇಪ್ಪತ್ತೈದು ಮೂವತ್ತು ಡಿಗ್ರಿ ಏರುತ್ತದೆ, ನಮ್ಮ ಕಡೆಯದು ಬಹಳ ಹಳೆಯ ಬಂಡೆಯಾದ್ದರಿಂದ ಅಷ್ಟೂ ಇಲ್ಲ. ಇನ್ನೂ ಆಳಕ್ಕೆ ಹೋದರೆ ಏರಿಕೆ ನಿಧಾನವಾಗುತ್ತದೆ, ಆದರೂ ನಡುಮಧ್ಯದಲ್ಲಿ ಐದು ಸಾವಿರ ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ಸೂರ್ಯನ ಮೈಯಷ್ಟು. ಒತ್ತಡವೋ, ನಮ್ಮ ಮೇಲೆ ಗಾಳಿ ಹೇರುವುದರ ಮೂವತ್ತು ಲಕ್ಷ ಪಟ್ಟಿಗಿಂತಲೂ ಹೆಚ್ಚು. ಇಷ್ಟು ಹೇಳಿ, ನಡುವಿನ ಗೋಳ ಕಬ್ಬಿಣದ ಗಟ್ಟಿ ಉಂಡೆ, ಅದರ ಸುತ್ತ ಕರಗಿದ ಕಬ್ಬಿಣ ಎಂದೆ.

ಮಕ್ಕಳು ಬರೆದುಕೊಂಡರು. ದುರ್ಗಯ್ಯ ಮಾತ್ರ ಸರಳು ಹಿಡಿದು ಯೋಚಿಸುತ್ತ ನಿಂತಿದ್ದರು.

“ಅಲ್ಲ ಸಾ, ಒಂದ್ಮಾತು. ಸುತ್ತ ಇರೋದೇ ಕರಗೈತೆ ಅಂದ್ಮ್ಯಾಲೆ, ಮಧ್ಯದ್ದು ಅದ್ಕಿಂತ ಬಿಸಿ. ಅದು ಇನ್ನೂ ನೀರಾಗಿರ್ಬೇಕಲ್ವಾ? ಗಟ್ಟಿ ಹೆಂಗಾಯ್ತದೆ?”

ನಾನು ಪಾಠ ಮಾಡಿದ ಅಷ್ಟು ವರ್ಷದಲ್ಲಿ ಒಂದು ಮಗುವೂ ಆ ಪ್ರಶ್ನೆ ಕೇಳಿರಲಿಲ್ಲ. ಒತ್ತಡ ಅಷ್ಟಿದೆ ದುರ್ಗಯ್ಯ, ಎಲ್ಲ ಕಡೆಯಿಂದಲೂ ಅಮುಕಿ ಹಿಡಿದಿದೆ, ಕಬ್ಬಿಣದ ಕಣಗಳಿಗೆ ಬಿಡಿಸಿಕೊಂಡು ಹರಿಯಲು ಆಗುವುದಿಲ್ಲ ಎಂದೆ. ಅವರು ಗುಡ್ಡೆಯ ತಳದ ಗಟ್ಟಿ ಪುಡಿಯನ್ನು ಒಮ್ಮೆ ನೋಡಿದರು.

“ಹಂಗನ್ನಿ. ಕರಗೋಕೂ ಜಾಗ ಬೇಕು,” ಅಂದರು.

ಶಿಲ್ಪಾಳ ಮುಖ ಅವತ್ತು ನೋಡಬೇಕಿತ್ತು. ಇವರು ನಮ್ಮ ತಾತ ಎಂದು ಪಕ್ಕದವಳಿಗೆ ಎರಡು ಸಲ ಹೇಳಿದಳು, ಪಕ್ಕದವಳಿಗೆ ಅದು ಮೊದಲೇ ಗೊತ್ತಿದ್ದರೂ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ನನಗೆ ಫೋಟೋ ಬೇಕಿತ್ತು. ಶನಿವಾರ ಮಾತಿನ ಭರದಲ್ಲಿ ಫೋಟೋ ತೆಗೆಯುವುದನ್ನೇ ಮರೆತಿದ್ದೆ. ವಿಜ್ಞಾನ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಯೋಗಗಳನ್ನು ಹಾಕಿಕೊಂಡು ಮೆರೆಯುತ್ತಿದ್ದರು. ನಾನೂ ಮೆರೆಯಬೇಕಿತ್ತು. ಗುಡ್ಡೆಯ ನೆತ್ತಿಯ ಮೇಲೆ ಸರಳು ಹಿಡಿದು ನಿಂತ ದುರ್ಗಯ್ಯ, ಹಿಂದೆ ಆಕಾಶ. ಬರಿಗಾಲಿನ ಫೋಟೋ ಹಾಕಿದರೆ ಸುರಕ್ಷತೆ ಎಲ್ಲಿ ಎಂದು ಯಾರಾದರೂ ಕೊಂಕು ತೆಗೆಯುತ್ತಾರೆಂದು ಶನಿವಾರ ಸಾಯಂಕಾಲ ತುರುವೇಕೆರೆಗೆ ಹೋಗಿ ಒಂದು ಜೊತೆ ಗಂಬೂಟು ಕೊಂಡು ತಂದೆ. ಆ ರಾತ್ರಿ ಜೋರು ಮಳೆ ಬಂತು.

ಭಾನುವಾರ ಫ್ಯಾಕ್ಟರಿಗೆ ರಜ. ಬೆಳಿಗ್ಗೆ ಎಂಟು ಗಂಟೆಗೆ ಅಲ್ಲಿ ಇದ್ದದ್ದು ನಾವಿಬ್ಬರೇ. ಮಳೆಗೆ ಗುಡ್ಡೆಯೆಲ್ಲ ಒದ್ದೆಯಾಗಿತ್ತು, ಎಲ್ಲೂ ಹೊಗೆ ಇರಲಿಲ್ಲ, ನೋಡಲು ಬಹಳ ಶಾಂತವಾಗಿತ್ತು. ನಾನು ಬೂಟು ಕೊಟ್ಟೆ. ಮೇಲೆ ಹತ್ತಿ ನಿಲ್ಲಿ ಎಂದೆ. “ಮಳೆ ಬಂದೈತೆ ಸಾ,” ಎಂದು ದುರ್ಗಯ್ಯ ಒಮ್ಮೆ ಗೊಣಗಿದರು. ನಾನು ಇನ್ನೊಂದು ಮಾತು ಆಡುವ ಮೊದಲೇ ಬೂಟು ಹಾಕಿಕೊಂಡು ಹತ್ತಿದರು.

ಮಳೆ ಬಂದ ಮಾರನೆಯ ದಿನ ಗುಡ್ಡೆ ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು. ನೀರು ಒಂದಡಿಗಿಂತ ಕೆಳಗೆ ಇಳಿಯುವುದಿಲ್ಲ. ಮೇಲಿನ ಪುಡಿ ಹೆಪ್ಪುಗಟ್ಟಿದ ಹಾಗಾಗಿ ಟೊಳ್ಳನ್ನು ಮುಚ್ಚಿಬಿಡುತ್ತದೆ, ಹೊಗೆಗೆ ದಾರಿ ಇರುವುದಿಲ್ಲ. ಅಂಥ ದಿನ ಬರಿಗಾಲೊಂದೇ ಗತಿ. ಅದಕ್ಕೆ ನಾನು ಅರ್ಧ ಅಂಗುಲ ದಪ್ಪದ ರಬ್ಬರು ತೊಡಿಸಿದ್ದೆ.

ನಾಲ್ಕನೆಯ ಹೆಜ್ಜೆಗೆ ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ಕೆಂಡದಂಥ ಪುಡಿ ಬೂಟಿನೊಳಗೆ ತುಂಬಿಕೊಂಡಿತು. ಬರಿಗಾಲಾಗಿದ್ದರೆ ಎಳೆದುಕೊಳ್ಳಬಹುದಿತ್ತು. ಬೂಟು ಬರಲಿಲ್ಲ. ಸರಳನ್ನು ಅಡ್ಡ ಹಾಕಿ ಹೇಗೋ ಮೈ ಉರುಳಿಸಿಕೊಂಡು ಕೆಳಗೆ ಬಂದರು. ರಬ್ಬರು ಕಾಲಿಗೆ ಅಂಟಿತ್ತು. ನಾನು ಕತ್ತರಿ ಹುಡುಕುತ್ತ ಆ ಕಡೆ ಈ ಕಡೆ ಓಡಿದೆ. ಅವರು ಹಲ್ಲು ಕಚ್ಚಿ ಬೇವಿನ ಮರವನ್ನೇ ನೋಡುತ್ತಿದ್ದರು.

ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು. ತೊಡೆಯ ಚರ್ಮ ತೆಗೆದು ಅಂಗಾಲಿಗೆ ಹಾಕಿದರು. ಕಾಲು ಉಳಿಯಿತು, ಅದರ ಸ್ಪರ್ಶ ಮಾತ್ರ ಹೋಯಿತು. ಆ ಅಂಗಾಲಿಗೆ ಈಗ ಬಿಸಿಯೂ ತಿಳಿಯದು, ತಂಪೂ ತಿಳಿಯದು, ಮುಳ್ಳು ಚುಚ್ಚಿದರೂ ತಿಳಿಯದು. ಬಲಗಾಲೊಂದನ್ನೇ ನಂಬಿ ಗುಡ್ಡೆಯ ಮೇಲೆ ಹೆಜ್ಜೆ ಇಡುವಂತಿಲ್ಲ.

ಮೊದಲ ವಾರವೇ ಸೂರ್ಯಪ್ರಕಾಶ್ ಆಸ್ಪತ್ರೆಗೆ ಬಂದು, ಭಾನುವಾರ ಯಾಕೆ ಹತ್ತಿದೆಯಪ್ಪ ದುರ್ಗಯ್ಯ ಎಂದು ಕೇಳಿದರು. ನಾನು ಅಲ್ಲೇ ಮಂಚದ ಪಕ್ಕ ನಿಂತಿದ್ದೆ.

“ಫೋಟೋ ಆಸೆ ಸ್ವಾಮಿ,” ಅಂದರು ದುರ್ಗಯ್ಯ. “ನಾನೇ ಮೇಷ್ಟ್ರುನ್ನ ಕರ್ದೆ. ಬೂಟು ಹಾಕ್ಕೊಂಡು ಮೇಲ್ ನಿಂತ್ಕೊಂತೀನಿ, ಒಂದ್ ಫೋಟೋ ಹೊಡೀರಿ ಅಂದೆ.”

ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ. ಆ ಆಮೇಲೆ ಎನ್ನುವುದು ಎರಡು ವರ್ಷ ಬರಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಸೂರ್ಯಪ್ರಕಾಶ್ ಹೋದ ಮೇಲೆ ಮೆಲ್ಲಗೆ ಕೇಳಿದ್ದಕ್ಕೆ, ಅವರು ಮಗ್ಗುಲಾಗಿ, “ನೀವು ಬರೋಕ್ ಮುಂಚೆ ನಮ್ ಇಸ್ಕೂಲಿಗೆ ಮೂರು ವರ್ಸ ಸೈನ್ಸ್ ಮೇಷ್ಟ್ರೇ ಇರ್ಲಿಲ್ಲ ಸಾ. ನೀವು ಹೋದ್ರೆ ಇನ್ಯಾರು ಬತ್ತಾರೆ? ಮಗು ಹತ್ತನೇ ಕ್ಲಾಸು,” ಅಂದರು. ಅವರು ಸುಳ್ಳು ಹೇಳಿದ್ದಕ್ಕೆ ಒಂದು ಕಾರಣವಿತ್ತು. ನಾನು ಸುಮ್ಮನಿದ್ದದ್ದಕ್ಕೆ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಫ್ಯಾಕ್ಟರಿಯವರು ಅವರನ್ನು ಕೈಬಿಡಲಿಲ್ಲ, ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದರು. ಆದರೆ ಗುಡ್ಡೆ ಡಾಕ್ಟ್ರು ಎಂಬ ಹೆಸರು ಹೋಯಿತು. ಫೋಟೋ ದುರ್ಗಯ್ಯ ಆದರು. ಟ್ರ್ಯಾಕ್ಟರಿನವರು ಒಳಗೆ ಹೋಗುವಾಗ ಫೋನು ಎತ್ತಿ ಹಿಡಿದು, “ಫೋಟೋ ದುರ್ಗಣ್ಣ, ಒಂದು ಸ್ಮೈಲು,” ಎಂದು ಕಿಚಾಯಿಸುತ್ತಾರೆ. ಎಲ್ಲಿ ಪುಡಿ ತುಂಬಲಿ ಎಂದು ಯಾರೂ ಅವರನ್ನು ಕೇಳುವುದಿಲ್ಲ. ಅವರ ಹೆಂಡತಿ ಪುಟ್ಟಗಂಗಮ್ಮನೂ ಸಿಟ್ಟು ಬಂದಾಗ ಅದೇ ಮಾತೆತ್ತಿ ಹಂಗಿಸುತ್ತಾರೆ: “ಈ ವಯಸ್ಸಲ್ಲಿ ಫೋಟೋ ಯಾವನಿಗೆ ಬೇಕಾಗಿತ್ತು?” ದುರ್ಗಯ್ಯ ಕೈಕೋಲು ಹಿಡಿದು ಎದ್ದು ಜಗಲಿಗೆ ಹೋಗುತ್ತಾರೆ. ನಾನು ದಿನಾ ಶಾಲೆಗೆ ಅದೇ ಗೇಟಿನ ಮುಂದೆ ಹೋಗಬೇಕು. ಅವರು ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಎಷ್ಟೋ ದಿನ ಅದನ್ನು ತಪ್ಪಿಸಲು ತೋಟದ ಒಳದಾರಿಯಲ್ಲಿ ಸುತ್ತಿ ಹೋಗಿದ್ದೇನೆ.

ಶಿಲ್ಪ ಹತ್ತನೆಯದು ಚೆನ್ನಾಗಿ ಪಾಸು ಮಾಡಿ, ತುರುವೇಕೆರೆಯಲ್ಲಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡಳು. ಈ ಫೆಬ್ರವರಿಯಲ್ಲಿ ವಿಜ್ಞಾನ ದಿನಕ್ಕೆ ಹಳೆಯ ವಿದ್ಯಾರ್ಥಿನಿ ಎಂದು ಅವಳನ್ನೇ ಮಾತಾಡಲು ಕರೆದಿದ್ದೆವು. ಅವಳು ಮೈಕಿನ ಮುಂದೆ ನಿಂತು ಮಕ್ಕಳಿಗೆ ಹೇಳಿದಳು: “ಭೂಮಿ ಒಳಗೆ ಎಷ್ಟು ಬಿಸಿ, ಎಷ್ಟು ಒತ್ತಡ ಅಂತ ಓದಿ ತಿಳ್ಕೊಂಡೋರು ಹುಷಾರಾಗಿರ್ತಾರೆ. ನಮ್ಮ ತಾತ ಓದಿರಲಿಲ್ಲ. ಫೋಟೋ ಹುಚ್ಚಿಗೆ ಗುಡ್ಡೆ ಹತ್ತಿ ಕಾಲು ಸುಟ್ಕೊಂಡ್ರು. ನೀವು ಹಂಗೆ ಮಾಡ್ಬೇಡಿ.”

ಮಕ್ಕಳು ನಕ್ಕರು. ಅವಳೂ ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು, ವೇದಿಕೆಯ ಮೇಲೆ ಕೂತಿದ್ದ ನಾನೂ ತಟ್ಟಿದೆ. ತಟ್ಟುತ್ತಿದ್ದ ನನ್ನ ಕೈಗಳನ್ನು ನೋಡಿಕೊಂಡಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಾಲು ಹೋದದ್ದು ಸಾಲದೆಂದು ಆ ಮನುಷ್ಯನ ವಿದ್ಯೆಯನ್ನೂ, ಅದರ ಮೇಲಿದ್ದ ಮೊಮ್ಮಗಳ ಹೆಮ್ಮೆಯನ್ನೂ ಕಿತ್ತುಕೊಂಡಿದ್ದೆ. ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ. ಫ್ಯಾಕ್ಟರಿಯ ಅಂಗಳದಲ್ಲಿ ಎಲ್ಲರ ಮುಂದೆ ಓದಬೇಕು, ಅದಕ್ಕೆ ಮುಂಚೆ ದುರ್ಗಯ್ಯನವರಿಗೆ ಓದಿ ಹೇಳಬೇಕು ಎಂದುಕೊಂಡೆ.

ಇಲ್ಲಿಯವರೆಗೆ ಬರೆದದ್ದನ್ನು ಭಾನುವಾರ ಬೆಳಿಗ್ಗೆ ಅವರ ಮನೆಗೆ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಕೂತಿದ್ದರು. ಶಿಲ್ಪ ತಿಪಟೂರಿಗೆ ಹೋಗಿದ್ದಳು, ಪುಟ್ಟಗಂಗಮ್ಮ ಒಳಗೆ ಮುದ್ದೆಗೆ ಎಸರಿಟ್ಟಿದ್ದರು. ನಾನು ನಿಂತುಕೊಂಡೇ ಓದಿದೆ. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಪುಟ್ಟಗಂಗಮ್ಮ ಬಾಗಿಲಿಗೆ ಬಂದು, ಗಂಡನನ್ನೂ ನನ್ನನ್ನೂ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ದುರ್ಗಯ್ಯ ಕೊನೆಯವರೆಗೂ ಕೇಳಿದರು. ಅಳುತ್ತಾರೆ, ಇಲ್ಲವೇ ಬುಡಿ ಸಾ ಹೋಗ್ಲಿ ಎನ್ನುತ್ತಾರೆ ಅಂದುಕೊಂಡಿದ್ದೆ.

“ಒಂದ್ ಕಡೆ ತಪ್ಪೈತೆ,” ಅಂದರು. “ಮಳೆ ಬಂದೈತೆ ಅಂತ ಒಂದ್ಸಲ ಗೊಣಗಿ ಹತ್ಬುಟ್ಟೆ ಅಂತ ಬರ್ದಿದ್ದೀರಿ. ಹಂಗಲ್ಲ. ನೀವು ಮೂರ್ ಸಲ ಹೇಳಿದ್ರಿ. ನಾನು ಎಲ್ಡ್ ಸಲ ಬ್ಯಾಡ ಅಂದೆ. ಮಳೆ ಬಂದೈತೆ, ಗುಡ್ಡೆ ಮೋಸ ಮಾಡ್ತದೆ, ನಾಳಿದ್ದು ಬನ್ನಿ ಅಂದೆ. ಆಮ್ಯಾಕೆ ಬೂಟು ಬ್ಯಾಡ, ಬೂಟು ಹಾಕ್ಕೊಂಡ್ರೆ ಕಾಲ್ಗೆ ಏನೂ ಗೊತ್ತಾಗಲ್ಲ ಅಂದೆ. ಗುಡ್ಡೆ ನಂಗೆ ಗೊತ್ತಿತ್ತು ಸಾ. ಅದನ್ನ ಬರೀರಿ.”

ನಾನು ಕಾಗದ ನೋಡುತ್ತ ನಿಂತೆ. ಅವರು ಹೇಳಿದ್ದು ನಿಜ. ತಪ್ಪೊಪ್ಪಿಕೊಳ್ಳಲು ಕೂತಾಗಲೂ ನನ್ನ ಕೈ ಅದನ್ನು ಕಡಿಮೆ ಮಾಡಿಯೇ ಬರೆದಿತ್ತು.

“ಮೂರನೇ ಸಲ ನೀವ್ ಏನಂದ್ರಿ ಅಂತ ನಿಮಗೂ ನೆಪ್ಪೈತೆ,” ಅಂದರು ದುರ್ಗಯ್ಯ. “ಅದು ನಿಮಗೆ ಬುಟ್ಟಿದ್ದು.”

ನೆನಪಿದೆ. ಇಲ್ಲ ಎಂದು ಹೇಗೆ ಹೇಳಲಿ? ನಗುತ್ತ ಹೇಳಿದ್ದೆ, ತಮಾಷೆ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. “ಶಿಲ್ಪಂಗೆ ಇಂಟರ್ನಲ್ ಮಾರ್ಕ್ಸು ಹಾಕೋನು ನಾನೇ ಅಲ್ವಾ ದುರ್ಗಯ್ಯ?” ಅಂದಿದ್ದೆ. ಅದಾದ ಮೇಲೆ ಅವರು ಕೂತು ಬೂಟು ಹಾಕಿಕೊಂಡರು.

ಮೇಲೆ ಬರೆದ ಸುಳ್ಳನ್ನು ನಾನು ಹೊಡೆದುಹಾಕಿಲ್ಲ, ಹಾಗೇ ಬಿಟ್ಟಿದ್ದೇನೆ. ನಾನು ಎಂಥವನೆಂದು ಓದುವವರಿಗೂ ತಿಳಿಯಲಿ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಫ್ಯಾಕ್ಟರಿಯ ಅಂಗಳದಲ್ಲಿ ಎಲ್ಲವನ್ನೂ ಓದಿದೆ, ಮೂರನೆಯ ಮಾತನ್ನೂ ಸೇರಿಸಿ. ಸೂರ್ಯಪ್ರಕಾಶ್ ಇದ್ದರು, ಕೆಲಸದವರಿದ್ದರು, ಟ್ರ್ಯಾಕ್ಟರಿನವರಿದ್ದರು. ನಾನೇ ಹೇಳಿ ಕಳುಹಿಸಿದ್ದರಿಂದ ಶಿಲ್ಪಾಳೂ ಬಂದಿದ್ದಳು. ಓದಿ ಮುಗಿಸಿ ಕಾಗದ ಮಡಚಿದೆ. ಜೆಸಿಬಿಯವನು ಮೆಲ್ಲಗೆ ಎದ್ದು ದುರ್ಗಯ್ಯನವರ ಮುಂದೆ ಬಂದು, “ಡಾಕ್ಟ್ರೇ, ಇವತ್ತು ಎಲ್ಲಿಂದ ತುಂಬ್ಲಿ?” ಎಂದು ಕೇಳಿದ. ದುರ್ಗಯ್ಯ ಕೈಕೋಲು ಎತ್ತಿ, ಬೆಳಿಗ್ಗೆ ಇಬ್ಬನಿ ತಡವಾಗಿ ಆರಿದ್ದ ಮೂಡಲ ಮೂಲೆ ತೋರಿಸಿದರು.

ಶಿಲ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಾತನ ಕುರ್ಚಿಯ ಬಳಿ ಹೋಗಿ ನೆಲದ ಮೇಲೆ ಕೂತಳು. ಅವರ ಎಡಗಾಲಿನ ಚಪ್ಪಲಿ ಬಿಚ್ಚಿ, ಆ ಅಂಗಾಲನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ದುರ್ಗಯ್ಯ ಇನ್ನೂ ಜೆಸಿಬಿಯ ಕಡೆಗೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಬಗ್ಗಿ ನೋಡಿದಾಗಲೇ ಅವಳು ಕಾಲು ಹಿಡಿದಿರುವುದು ಅವರಿಗೆ ಗೊತ್ತಾಯಿತು.